ಎಡಗೈ ಹೊಲಿಗೆ

ನಮ್ಮ ರಾಣಿ ಹೊಲಿದ ಕೌದಿಗಳನ್ನು ಹೊಗಳದ ಕಪ್ತಾನ ಈ ಸಮುದ್ರದಲ್ಲಿ ಇಲ್ಲ. ಆಕ್ಲೆಂಡಿನ ಯಾವನೋ ದೊಡ್ಡ ದೊರೆಯ ಮನೆಯಲ್ಲಿ ಒಂದನ್ನು ಗೋಡೆಗೆ ತೂಗುಹಾಕಿದ್ದಾರಂತೆ. ಹೊದೆಯುವುದನ್ನು ಗೋಡೆಗೆ ಹೊದಿಸುವ ಜನಕ್ಕೆ ಏನು ಹೇಳೋಣ! ಇರಲಿ. ರಾಣಿ ಮಣ್ಣು ಸೇರಿದ್ದಾಳೆ, ನನಗೂ ಹಲ್ಲು ಉಳಿದಿಲ್ಲ. ಇನ್ನು ನಿಜ ಹೇಳಿದರೆ ಯಾರ ಗಂಟೇನು ಹೋಗುತ್ತದೆ? ನಮ್ಮ ತೆಕುರಾ ರಾಣಿಗೆ ಹೊಲಿಗೆ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಅಂದರೆ ಹೊಲಿಯುತ್ತಿರಲಿಲ್ಲ ಅಂತಲ್ಲ. ದಿನಾ ಹೊಲಿಯುತ್ತಿದ್ದಳು. ನಮ್ಮ ವೈರೋವಾ ದ್ವೀಪಕ್ಕೆ ಅವಳು ಆರಿಕಿ, ಬಿಳಿಯರ ಬಾಯಲ್ಲಿ ರಾಣಿ. ಬೆಳಿಗ್ಗೆ ಎದ್ದರೆ ಅಂಗಳದ ತುಂಬ ದೂರು. ಒಬ್ಬನ ಹಂದಿ ಇನ್ನೊಬ್ಬನ ಕೆಸುವಿನ ಗದ್ದೆಗೆ ನುಗ್ಗಿದೆ. ಎರಡು ಜೀಗುಜ್ಜೆ ಮರಗಳ ನಡುವಿನ ಗಡಿ ಎರಡು ಮಾರು ಸರಿದಿದೆ. ಯಾವನೋ ಹುಡುಗ ಭಾನುವಾರ ಕಿವಿಗೆ ಹೂ ಸಿಕ್ಕಿಸಿಕೊಂಡು ತಿರುಗಿದ ಅಂತ ಚರ್ಚಿನ ಸಭೆಯ ಹಿರಿಯರು ಅವನ ರಟ್ಟೆ ಹಿಡಿದು ಎಳೆದು ತಂದಿದ್ದಾರೆ. ಪಾದ್ರಿಗೆ ಚರ್ಚಿನ ಮಾಡಿಗೆ ಮರ ಬೇಕು, ಕಪ್ತಾನನಿಗೆ ಕಿತ್ತಳೆ ಬೇಕು. ಎಲ್ಲದಕ್ಕೂ ಅವಳು ತಲೆ ಅಲ್ಲಾಡಿಸಬೇಕು. ಅದೂ ಪಾದ್ರಿಯ ಹೆಂಡತಿ ಹೊಲಿಸಿಕೊಟ್ಟ ಕರಿ ನಿಲುವಂಗಿ ಹಾಕಿಕೊಂಡು, ಆ ಸೆಕೆಯಲ್ಲಿ, ಕುತ್ತಿಗೆಯವರೆಗೂ ಗುಂಡಿ ಬಿಗಿದುಕೊಂಡು.

ಊಟ ಮುಗಿದ ಮೇಲೆ ಹಿಂದಿನ ಜಗಲಿಗೆ ಬರುತ್ತಿದ್ದಳು. ಅಲ್ಲಿಗೆ ನಾನೊಬ್ಬಳನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ. ನನ್ನ ತಾಯಿ ಅವಳಿಗೆ ಹಾಲೂಡಿಸಿದವಳು. ಅದೇ ಮೊಲೆಯಲ್ಲಿ ಎರಡು ವರ್ಷದ ತರುವಾಯ ನಾನು ಕುಡಿದೆ. ಹಾಗಾಗಿ ಹತ್ತು ಜನರ ಮುಂದೆ ಆರಿಕಿ, ಜಗಲಿಯಲ್ಲಿ ಅಕ್ಕ. ಬಂದವಳೇ ಆ ಕರಿ ಅಂಗಿಯನ್ನು ಕಳಚಿ ಮೂಲೆಗೆ ಎಸೆದು, ತೆಳು ಬಟ್ಟೆಯೊಂದನ್ನು ಎದೆಯ ಮೇಲೆ ಕಟ್ಟಿಕೊಂಡು, ಮುಂಡುಗದ ಚಾಪೆಯ ಮೇಲೆ ಧೊಪ್ಪನೆ ಕೂರುತ್ತಿದ್ದಳು.

"ತುವೈನೆ, ಸೂಜಿ ಕೊಡೇ. ಇವತ್ತು ಎಷ್ಟು ಸಲ ತಲೆ ಅಲ್ಲಾಡಿಸಿದೀನಿ ಗೊತ್ತಾ? ಕುತ್ತಿಗೆ ಕಳಚಿ ಕೈಗೆ ಬರತ್ತೆ."

"ಅಲ್ಲಾಡಿಸದೇ ಇರಬೇಕಿತ್ತಕ್ಕಾ."

"ಅಲ್ಲಾಡಿಸಿದ್ರೆ ಒಬ್ಬ ಬೈತಾನೆ. ಸುಮ್ನಿದ್ರೆ ಇಬ್ರೂ ಬೈತಾರೆ. ಕೊಡು ಅತ್ಲಾಗೆ."

ಸೂಜಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಹುಟ್ಟಾ ಎಡಚಿ. ಪಾದ್ರಿಯ ಶಾಲೆಯಲ್ಲಿ ಆ ಕೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸಿದರು, ಬಲಗೈಯಲ್ಲಿ ಉಣಿಸಿದರು, ಬಲಗೈಯಲ್ಲಿ ಹೊಲಿಸಿದರು. ಜನರೆದುರು ಅವಳು ಎಡಗೈ ಎತ್ತುತ್ತಿರಲಿಲ್ಲ. ಜಗಲಿಯಲ್ಲಿ ಮಾತ್ರ ಆ ಕೈಗೆ ಬಿಡುಗಡೆ. ಪಾದ್ರಿ ಬೇಡವೆಂದ ಹಳೆಯ ಪದಗಳನ್ನು ಗುನುಗುತ್ತಾ, ಕಾಲು ಚಾಚಿಕೊಂಡು, ಉದ್ದುದ್ದ ದಾರ ಪೋಣಿಸಿ ಹೊಲಿಯುತ್ತಿದ್ದಳು. ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟು ದಪ್ಪ, ಎಲ್ಲವೂ ಎಡಕ್ಕೆ ವಾಲಿದವು. ಕುಡಿದು ಮನೆಗೆ ಹೋಗುವ ನಾವಿಕರ ಸಾಲಿನ ಹಾಗೆ.

ಕೌದಿಗೆ ಬಟ್ಟೆ ಕತ್ತರಿಸುವವಳು ನಾನು. ಕೆಂಪು ಬಟ್ಟೆಯನ್ನು ಎಂಟು ಮಡಿಕೆ ಮಾಡಿ, ಒಂದೇ ಸಲಕ್ಕೆ ಎಲೆ ಕತ್ತರಿಸಿ ಬಿಡಿಸಿದರೆ ಎಂಟು ಎಲೆ. ಅದನ್ನು ಬಿಳಿ ಬಟ್ಟೆಯ ಮೇಲೆ ಹರವಿ ಸುತ್ತ ಹೊಲಿಯಬೇಕು. ಸಾಮಾನ್ಯವಾಗಿ ಹತ್ತು ಹೆಂಗಸರು ಕೂತು ಹೊಲಿಯುವ ಕೆಲಸ. ರಾಣಿಯ ಪಾಲಿನ ಎಲೆಗಳನ್ನು ಮರುದಿನ ಬೆಳಿಗ್ಗೆ, ಅವಳು ಅಂಗಳದಲ್ಲಿ ಹಂದಿಯ ನ್ಯಾಯ ಬಗೆಹರಿಸುತ್ತಿರುವಾಗ, ನಾನು ಬಿಚ್ಚಿ ಸಣ್ಣ ಹೊಲಿಗೆ ಹಾಕುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಕೌದಿ ಕೊಡುವಾಗ ಪಡೆಯುವ ಕಡೆಯ ಹೆಂಗಸರು ಅದನ್ನು ಚಾಪೆಯ ಮೇಲೆ ಬೆನ್ನು ಮೇಲಾಗಿ ಹರವುತ್ತಾರೆ. ಮುಖ ಯಾರಿಗೆ ಬೇಕು, ಹೊಲಿದವಳ ಗುಟ್ಟೆಲ್ಲ ಬೆನ್ನಿನಲ್ಲಿ ಇರುತ್ತದೆ. ಒಂದು ಹೊಲಿಗೆ ಸೊಟ್ಟಗಿದ್ದರೂ ಅಲ್ಲೇ ಹಾಡು ಕಟ್ಟಿ ಸೊಂಟ ಕುಣಿಸುತ್ತಾರೆ. ಆ ಹಾಡು ಮೂರು ತಲೆಮಾರು ಉಳಿಯುತ್ತದೆ. ನನ್ನ ಅಜ್ಜಿಯ ಮೇಲೆ ಕಟ್ಟಿದ್ದು ಇವತ್ತಿಗೂ ಇದೆ.

ಆದರೆ ಆರಿಕಿಯ ಕೈ ಮುಟ್ಟಿದ್ದನ್ನು ಬಿಚ್ಚುವಂತಿಲ್ಲ. ಅದು ದೊಡ್ಡ ತಪ್ಪು. ಬಿಚ್ಚಿದ್ದನ್ನು ಎಸೆಯುವುದಂತೂ ಇನ್ನೂ ದೊಡ್ಡ ತಪ್ಪು. ಅವಳ ಉಗುರು, ಕೂದಲು ಯಾವುದೂ ಜನ ತುಳಿಯುವ ಕಡೆ ಬೀಳಬಾರದು. ಮೊದಲನೆಯ ತಪ್ಪನ್ನು ಧೈರ್ಯವಾಗಿ ಮಾಡಿದೆ, ಎರಡನೆಯದಕ್ಕೆ ಧೈರ್ಯ ಬರಲಿಲ್ಲ. ಬಿಚ್ಚಿದ ದಾರವನ್ನೆಲ್ಲ ತುಂಡಾಗದಂತೆ ಎಳೆದು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ನನ್ನ ಮನೆಯ ಅಟ್ಟದಲ್ಲಿ ಇಟ್ಟಿದ್ದೆ.

ಇನ್ನು ಮಿರಿಯಾಮಾಳ ವಿಷಯ.

ತೆಕುರಾ ಹೆತ್ತದ್ದು ಒಂದೇ ಮಗು. ಹೆತ್ತ ಎಂಟನೆಯ ದಿನ ಅದನ್ನು ಕೊಟ್ಟುಬಿಟ್ಟಳು. ಅವಳ ದೊಡ್ಡಪ್ಪನ ಮನೆಯವರಿಗೂ ಇವರಿಗೂ ಒಂದು ಕಣಿವೆಯ ಬಗ್ಗೆ ಎರಡು ತಲೆಮಾರಿನ ಜಗಳ. ಮಗು ಕೊಟ್ಟು ಜಗಳ ಮುಗಿಸುವುದು ನಮ್ಮಲ್ಲಿ ಹೊಸದೇನಲ್ಲ. ಯಾರೂ ಅದಕ್ಕೆ ಅಳುವುದಿಲ್ಲ, ಅಳಬಾರದು. ದೊಡ್ಡಪ್ಪನ ಮಗನ ಹೆಂಡತಿ ಪೊರಿಯಾ ಬಂದು ಮಗುವನ್ನು ಎತ್ತಿಕೊಂಡು ಹೋದಳು. ತೆಕುರಾ ಆ ಎಂಟು ದಿನದಲ್ಲಿ ಒಂದು ಪುಟ್ಟ ತುಂಡು ಬಟ್ಟೆಗೆ ಎಲೆಯೊಂದನ್ನು ಹೊಲಿದು ಮಗುವಿಗೆ ಸುತ್ತಿದ್ದಳು. ಗಂಡ ಮುಂದಿನ ವರ್ಷ ಜ್ವರದಲ್ಲಿ ಸತ್ತ. ಮತ್ತೆ ಮಕ್ಕಳಾಗಲಿಲ್ಲ.

ಹುಡುಗಿ ಪೊರಿಯಾಳ ಮಗಳಾಗಿ ಬೆಳೆದಳು. ಹಬ್ಬದ ದಿನ ಅರಮನೆಗೆ ಬಂದರೆ ತೆಕುರಾಳನ್ನು "ಅತ್ತೆ" ಎನ್ನುತ್ತಿದ್ದಳು. ಯಾರು ಹೆತ್ತದ್ದು ಅಂತ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಉಣಿಸಿದವಳೇ ತಾಯಿ. ಅವಳಿಗೆ ಹತ್ತೊಂಬತ್ತು ತುಂಬಿದಾಗ ಹಡಗಿನಲ್ಲಿ ಹನ್ನೆರಡು ದಿನ ಹೋಗಬೇಕಾದ ದೂರದ ದ್ವೀಪದ ಸಂಬಂಧ ಬಂತು. ಹೋದವರು ತಿರುಗಿ ಬರುವ ದೂರವಲ್ಲ ಅದು.

ಸಂಬಂಧ ಕುದುರಿದ ದಿನ ತೆಕುರಾ ಜಗಲಿಗೆ ಬಂದವಳು ಅಂಗಿಯನ್ನೂ ಕಳಚದೆ ಕೂತಳು.

"ತುವೈನೆ, ಜೀಗುಜ್ಜೆ ಎಲೆ ಕತ್ತರಿಸಿ ಕೊಡು. ಕೆಂಪಿನದು."

"ಕೊಡ್ತೀನಿ. ಹೆಂಗಸರನ್ನ ಯಾವತ್ತು ಕರೀಲಿ?"

"ಯಾರೂ ಬೇಡ. ನಾನೊಬ್ಳೇ ಹೊಲೀತೀನಿ."

"ಎಂಟೆಲೆಯನ್ನೂನಾ? ಅಕ್ಕಾ, ಕಣ್ಣು ಹೋಗತ್ತೆ."

"ಹೋಗ್ಲಿ. ಇಷ್ಟು ದಿನ ಇಟ್ಕೊಂಡು ಏನು ಘನವಾದದ್ದು ನೋಡಿದ್ದೀನಿ?"

ಐದು ತಿಂಗಳು ಹೊಲಿದಳು. ಆಗ ಅವಳಿಗೆ ಆಯಾಸ ಎಷ್ಟಿತ್ತೆಂದರೆ ಸೂಜಿ ಹಿಡಿದೇ ತೂಕಡಿಸುತ್ತಿದ್ದಳು. ಎಚ್ಚರವಾದರೆ ಮತ್ತೆ ನಾಲ್ಕು ಹೊಲಿಗೆ. ಆ ದಿನದ ಹೊಲಿಗೆ ಮುಗಿದ ಮೇಲೆ ಕೌದಿಯನ್ನು ಮಡಚಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದಳು. ಹಿಂದೆ ಯಾವ ಕೌದಿಗೂ ಹಾಗೆ ಮಾಡಿದವಳಲ್ಲ. ಯಾಕೆ ಅಂತ ನನ್ನ ಮಂಕು ಬುದ್ಧಿಗೆ ಹೊಳೆಯಲಿಲ್ಲ. ಎಂಟೆಲೆಗಳೂ ಎಡಕ್ಕೆ ವಾಲುತ್ತಿರುವುದನ್ನು ನೋಡುತ್ತಾ ನನಗಿದ್ದದ್ದು ಒಂದೇ ಚಿಂತೆ: ಅದನ್ನು ಬೆನ್ನು ಮೇಲಾಗಿ ಹರವುವವಳು ಪೊರಿಯಾ.

ಪೊರಿಯಾಳ ನಾಲಿಗೆಯ ಬಗ್ಗೆ ನಮ್ಮಲ್ಲಿ ಒಂದು ಮಾತಿತ್ತು, ಅವಳು ಬೈದರೆ ತೆಂಗಿನಕಾಯಿ ತಾನೇ ಒಡೆಯುತ್ತದೆ ಅಂತ. ಮಗು ಕೊಟ್ಟ ಮೇಲೂ ಎರಡು ಮನೆಗಳ ನಡುವಿನ ಮುಳ್ಳು ಪೂರ್ತಿ ಹೋಗಿರಲಿಲ್ಲ. ರಾಣಿಯ ಕೌದಿಯ ಮೇಲೆ ಹಾಡು ಕಟ್ಟುವ ಅವಕಾಶ ಸಿಕ್ಕರೆ ಅವಳು ಬಿಡುವಳೇ? ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬಚ್ಚಿಟ್ಟು ಏನಾಗಬೇಕಿದೆ. ನನ್ನ ಹೆಸರಿನ ಚಿಂತೆಯೂ ಇತ್ತು. ರಾಣಿಯ ಕೌದಿ ಅಂದರೆ ತುವೈನೆ ಕತ್ತರಿಸಿದ ಕೌದಿ ಅಂತ ಮಗುವಿಗೂ ಗೊತ್ತು.

ಮದುವೆ ಹಡಗು ಬರುವ ಹತ್ತು ದಿನ ಮೊದಲು ಪಕ್ಕದ ದ್ವೀಪದ ಆರಿಕಿಗಳ ಸಭೆಗೆ ತೆಕುರಾ ಹೋಗಬೇಕಾಯಿತು. ಹೋಗುವಾಗ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

"ಅಂಚು ಮಡಚಿ ಹೊಲಿದಿಡು. ಅಷ್ಟೇ ಉಳಿದಿರೋದು."

"ಸರಿ ಅಕ್ಕಾ."

"ಅಂಚು ಮಾತ್ರ."

"ಸರಿ ಅಂದ್ನಲ್ಲ, ಹೋಗಿ ಬಾ. ದೋಣಿ ಕಾಯ್ತಿದೆ."

ಅವಳು ಹವಳದ ಬಂಡೆ ದಾಟುವ ಮೊದಲೇ ನಾನು ಕತ್ತರಿ ತೆಗೆದುಕೊಂಡಿದ್ದೆ. ದಿನಕ್ಕೊಂದು ಎಲೆ. ಬಿಚ್ಚುವುದು, ಇಸ್ತ್ರಿ ಹಾಕುವುದು, ಮತ್ತೆ ಹೊಲಿಯುವುದು. ಎಂಟು ದಿನಕ್ಕೆ ಎಂಟೆಲೆ, ಎರಡು ದಿನಕ್ಕೆ ಅಂಚು. ಬೆರಳ ತುದಿ ಒಡೆದು ರಕ್ತ ಬಂತು, ಬಟ್ಟೆಗೆ ತಾಗದಂತೆ ಬಾಳೆನಾರು ಸುತ್ತಿಕೊಂಡೆ. ಮುಗಿದಾಗ ನೋಡಿದರೆ, ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ನಾನು ಮಾಡಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಲು ಮೊಣಕಾಲಿನಿಂದ ಒತ್ತಬೇಕಾಯಿತು.

ಗಾಳಿ ಇಲ್ಲದೆ ರಾಣಿಯ ದೋಣಿ ತಡವಾಯಿತು. ಬಂದದ್ದು ಹಡಗು ಹೊರಡುವ ದಿನ ಬೆಳಿಗ್ಗೆಯೇ. ಮನೆಗೂ ಹೋಗದೆ ದಡದಲ್ಲೇ ಕರಿ ಅಂಗಿಯ ಉಪ್ಪು ಕೊಡವಿಕೊಂಡು ಕುರ್ಚಿಯ ಮೇಲೆ ಕೂತಳು. ನಾನು ಕೌದಿಯನ್ನು ಅವಳ ತೊಡೆಯ ಮೇಲಿಟ್ಟೆ. ಮಡಚಿದ ಹಾಗೇ ಅದನ್ನು ಎತ್ತಿ ಮಿರಿಯಾಮಾಳ ಕೈಗೆ ಕೊಟ್ಟಳು.

"ಒಬ್ಳೇ ಹೊಲಿದದ್ದು," ಅಂದಳು. ಮಗು ಕೊಟ್ಟ ಮೇಲಿನ ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳದ ದನಿ ಅದು.

ಪೊರಿಯಾ ಬಿಡುತ್ತಾಳೆಯೇ! "ತಾ ಇಲ್ಲಿ, ಬೆನ್ನು ನೋಡೋಣ. ಆರಿಕಿಯಾದ್ರೇನು, ಬೆನ್ನು ಎಲ್ರಿಗೂ ಇರತ್ತೆ," ಎಂದು ಚಾಪೆಯ ಮೇಲೆ ಹರವಿದಳು. ಅವಳ ಕಡೆಯ ಹೆಂಗಸರು ಸುತ್ತ ಕೂತರು. ಒಬ್ಬಳಂತೂ ಹಾಡಿಗೆ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಎಲೆಯಿಂದ ಎಲೆಗೆ ಪೊರಿಯಾಳ ಬೆರಳು ಹೋಯಿತು. ಎಂಟೂ ಮುಗಿದವು.

"ಥೂ," ಅಂದಳು ಕೊನೆಗೆ. "ಬೈಯೋಕೂ ಒಂದು ಜಾಗ ಬಿಟ್ಟಿಲ್ವಲ್ರೀ!"

ಎಲ್ಲರೂ ನಕ್ಕರು. ನಾನು ಉಬ್ಬಿಹೋದೆ. ನಗುತ್ತಾ ತೆಕುರಾಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಕೌದಿಯ ಬೆನ್ನನ್ನೇ ನೋಡುತ್ತಿದ್ದಳು, ಕಳೆದ ವಸ್ತುವನ್ನು ಹುಡುಕುವವಳಂತೆ, ಒಂದು ಎಲೆ, ಆಮೇಲೆ ಇನ್ನೊಂದು ಎಲೆ.

ಮಿರಿಯಾಮಾಳೂ ಹುಡುಕುತ್ತಿದ್ದಳು. ಅವಳು ತನ್ನ ಗಂಟು ಬಿಚ್ಚಿ ಒಂದು ತುಂಡು ಬಟ್ಟೆ ತೆಗೆದಳು. ಬಣ್ಣ ಪೂರ್ತಿ ಹೋಗಿದ್ದ ಒಂದೇ ಎಲೆಯ ಬಟ್ಟೆ. ಪೊರಿಯಾ ಅದನ್ನು ಇಷ್ಟು ವರ್ಷ ಜೋಪಾನ ಮಾಡಿ ಕೊಟ್ಟಿದ್ದಾಳೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದರ ದಪ್ಪ ಹೊಲಿಗೆಗಳು ಎಲ್ಲ ಎಡಕ್ಕೆ ವಾಲಿದ್ದವು. ಅದನ್ನು ಕೌದಿಯ ಪಕ್ಕದಲ್ಲಿಟ್ಟು ನೋಡಿದಳು. ಹಿಡಿದಿದ್ದು ಎಡಗೈಯಲ್ಲಿ. ಅವಳೂ ಎಡಚಿ.

"ಅತ್ತೇ," ಅಂದಳು ಮೆಲ್ಲಗೆ, "ಇದರಲ್ಲಿ ನೀವು ಹೊಲಿದದ್ದು ಯಾವುದು?"

ತೆಕುರಾ ನನ್ನ ಕಡೆ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಇಪ್ಪತ್ತು ವರ್ಷದಿಂದ ನೀನು ಬಿಚ್ತಿರೋದು ನಂಗೆ ಗೊತ್ತು ತುವೈನೆ. ಹೋಗ್ಲಿ ಬಿಡು, ದೊರೆಗಳಿಗೆ ಹೋಗೋದು ತಾನೇ ಅಂತ ಸುಮ್ನಿದ್ದೆ. ಇದನ್ನ ಬಿಡ್ತೀಯ ಅಂದ್ಕೊಂಡೆ."

"ಬಾಯಿ ಬಿಟ್ಟು ಹೇಳಬಾರದಿತ್ತಾ ಅಕ್ಕಾ?" ಜನರೆದುರು ಅಕ್ಕ ಅಂದುಬಿಟ್ಟೆ.

"ಏನಂತ ಹೇಳಲಿ? ನನ್ನ ಕೆಟ್ಟ ಹೊಲಿಗೇನೂ ಇರಲಿ ಅಂತ ಆರಿಕಿ ಬೇಡಿಕೊಳ್ಳೋದಾ? ಅಂಚು ಮಾತ್ರ ಅಂದೆನಲ್ಲೇ."

ನಾನು ಓಡಿದೆ. ಆ ವಯಸ್ಸಿನಲ್ಲಿ, ಆ ದೇಹ ಹೊತ್ತು, ಮನೆಗೆ ಓಡಿ ಅಟ್ಟ ಹತ್ತಿ ಡಬ್ಬಿ ತಂದು ಅವಳ ಕಾಲ ಬಳಿ ಇಟ್ಟು ಮುಚ್ಚಳ ತೆಗೆದೆ. ದಾರ ಉಕ್ಕಿ ಮರಳಿನ ಮೇಲೆ ಬಿತ್ತು. ಕೆಂಪು, ನೀಲಿ, ಹಳದಿ. ಒಂದೊಂದು ಎಳೆಯೂ ಅವಳು ಹೊಲಿದ ಹಾಗೇ ಸೊಟ್ಟಸೊಟ್ಟಗೆ ನಿಂತಿತ್ತು.

"ಎಲ್ಲಾ ಇಟ್ಟಿದೀಯಾ?"

"ಎಸೆಯೋ ಹಾಗಿಲ್ವಲ್ಲ."

"ಇಷ್ಟೊಂದು ಹೊಲಿದ್ನಾ ನಾನು!" ಅಂದಳು ತೆಕುರಾ. ಆ ಮಾತಿಗೆ ನನಗೆ ಅಳು ಬಂತು, ತಡೆಯಲಿಲ್ಲ.

ಮಿರಿಯಾಮಾ ಸೊಂಟದ ಚಾಕು ತೆಗೆದು ಕೌದಿಯ ಒಂದು ಎಲೆಯ ಸುತ್ತ ನಾನು ಹಾಕಿದ್ದ ಸಣ್ಣ ಹೊಲಿಗೆಗಳನ್ನು ಸರಸರನೆ ಕಿತ್ತಳು. ನನ್ನ ಒಂದು ದಿನದ ಕೆಲಸ. ಮೇಲಿದ್ದ ಕೆಂಪು ದಾರವೊಂದನ್ನು ಆರಿಸಿ ಸೂಜಿಗೆ ಪೋಣಿಸಿ ಚಾಚಿದಳು.

"ಹೊಲೀರಿ ಅತ್ತೆ."

ತೆಕುರಾ ಕುರ್ಚಿಯಿಂದ ಇಳಿದು ಮರಳಿನ ಮೇಲೆ ಕೂತಳು. ಕುತ್ತಿಗೆಯ ಗುಂಡಿ ಬಿಚ್ಚಿದಳು. ಪಾದ್ರಿ ಇದ್ದ, ಅವನ ಹೆಂಡತಿ ಇದ್ದಳು, ಸಭೆಯ ಹಿರಿಯರೆಲ್ಲ ಇದ್ದರು. ಎಡಗೈಯಲ್ಲಿ ಸೂಜಿ ತೆಗೆದುಕೊಂಡಳು.

ಹಡಗಿನವರು ಕೂಗತೊಡಗಿದರು. ನೀರು ಇಳಿಯುತ್ತಿದೆ, ಇನ್ನು ತಡವಾದರೆ ಬಂಡೆಯ ಸಂದಿನಲ್ಲಿ ದೋಣಿ ಹೋಗುವುದಿಲ್ಲ ಅಂತ. ಪೊರಿಯಾ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಯಾಕ್ರೋ ಬೊಬ್ಬೆ ಹೊಡೀತೀರಿ? ಕಾಯ್ರಿ! ಹುಡುಗಿಯ ತಾಯಿ ಹೊಲೀತಿದ್ದಾಳೆ, ಕಾಣಿಸಲ್ವಾ?"

ಆ ಮಾತನ್ನು ಆಡುವ ಹಕ್ಕು ಅವಳೊಬ್ಬಳಿಗೇ ಇತ್ತು, ಅವಳು ಆಡಿದಳು. ಅವಳ ಮೇಲಿದ್ದ ನನ್ನ ಸಿಟ್ಟು ಆವತ್ತೇ ಹೋಯಿತು. ತೆಕುರಾ ತಲೆ ಎತ್ತಲಿಲ್ಲ. ಕಣ್ಣಿನ ನೀರು ಬಟ್ಟೆಯ ಮೇಲೆ ಬೀಳುತ್ತಿತ್ತು, ಅವಳು ಹೊಲಿಯುತ್ತಿದ್ದಳು. ಬಗ್ಗಿ ನೋಡಿದ ಪೊರಿಯಾಗೆ ಕೊನೆಗೂ ತಡೆಯಲಾಗಲಿಲ್ಲ.

"ಅಯ್ಯೋ ಆರಿಕಿ, ಹಂದಿ ಹಗ್ಗ ಕಡಿದ ಹಾಗಿದೆಯಲ್ರೀ!"

"ಸುಮ್ನಿರೇ, ಎಣಿಕೆ ತಪ್ಪತ್ತೆ," ಅಂದಳು ತೆಕುರಾ, ಮೂಗೊರೆಸಿಕೊಂಡು.

ನೀರು ಕಾಯಲಿಲ್ಲ. ಎಲೆಯ ಅರ್ಧ ಸುತ್ತು ಮುಗಿದಾಗ ಕಪ್ತಾನನೇ ದಡಕ್ಕೆ ಬಂದು ನಿಂತ. ದಾರ ತುಂಡರಿಸಲು ನಾನು ಕತ್ತರಿ ಚಾಚಿದೆ. ಮಿರಿಯಾಮಾ ನನ್ನ ಕೈ ಹಿಡಿದು ಸರಿಸಿದಳು. ಸೂಜಿ ಚುಚ್ಚಿದ್ದ ಹಾಗೇ ಕೌದಿಯನ್ನು ಎದೆಗೆ ಒತ್ತಿಕೊಂಡು ನೀರಿಗಿಳಿದು ದೋಣಿ ಹತ್ತಿದಳು. ಹಡಗು ಕಾಣದಾಗುವವರೆಗೂ ಇಬ್ಬರು ತಾಯಂದಿರೂ ದಡದಲ್ಲಿ ನಿಂತಿದ್ದರು, ನಡುವೆ ಹತ್ತು ಹೆಜ್ಜೆ ಬಿಟ್ಟು.

ಮಧ್ಯಾಹ್ನ ತೆಕುರಾ ಜಗಲಿಗೆ ಬಂದಳು. ಅಂಗಿ ಕಳಚಿದಳು, ಕೂತಳು. ಆಕ್ಲೆಂಡಿನ ದೊರೆಯ ಹೆಂಡತಿಗೆ ಒಂದು ಕೌದಿ ಕಳಿಸಬೇಕೆಂದು ಪಾದ್ರಿ ಹೇಳಿದ್ದ. ಅದರ ಬಟ್ಟೆಯನ್ನು ಹರವಿ, ಸೂಜಿ ಪೋಣಿಸಿ, ನಾನು ಹೆದರುತ್ತಾ ಮುಂದೆ ಹಿಡಿದೆ.

"ನೀನೇ ಹೊಲಿ ತುವೈನೆ," ಅಂದಳು. "ಹೇಗೂ ನೀನೇ ಹೊಲಿಯೋದು. ಇಬ್ರು ಯಾಕೆ ದಣೀಬೇಕು?"

ಕೋಪವಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಆರು ವರ್ಷ ಬದುಕಿದಳು. ಹಂದಿ, ಗಡಿ, ಕಿತ್ತಳೆ ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಸೂಜಿ ಮುಟ್ಟಲಿಲ್ಲ, ಹಾಡು ಗುನುಗಲಿಲ್ಲ. ಮಧ್ಯಾಹ್ನಗಳಲ್ಲಿ ನಾನು ಹೊಲಿಯುತ್ತಿದ್ದೆ, ಅವಳು ಮಲಗಿರುತ್ತಿದ್ದಳು. ರಾಣಿಯ ಕೈ ದಿನದಿಂದ ದಿನಕ್ಕೆ ಪಳಗುತ್ತಿದೆ ಅಂತ ಕಪ್ತಾನರು ಹೊಗಳುತ್ತಿದ್ದರು. ಅವಳ ಸಂತೋಷವನ್ನು ನಾನೇ ನನ್ನ ಕೈಯಾರೆ ಎಳೆ ಎಳೆಯಾಗಿ ಬಿಚ್ಚಿ ಡಬ್ಬಿಗೆ ತುಂಬಿದೆ. ಇದನ್ನು ಯಾರಿಗೆ ಹೇಳಲಿ?

ನಾಲ್ಕನೆಯ ವರ್ಷ ಆ ದೂರದ ದ್ವೀಪದಿಂದ ಕೊಬ್ಬರಿ ತುಂಬಲು ಒಂದು ಹಡಗು ಬಂತು. ಅದರ ನಾವಿಕನೊಬ್ಬ ಮಿರಿಯಾಮಾಳ ಮನೆಯಲ್ಲಿ ಉಂಡು ಬಂದವನು. ರಾಣಿ ಅವನನ್ನು ಜಗಲಿಗೇ ಕರೆಸಿದಳು. ಮಿರಿಯಾಮಾಗೆ ಇಬ್ಬರು ಮಕ್ಕಳು, ಆರೋಗ್ಯವಾಗಿದ್ದಾಳೆ ಅಂದ. ತೆಕುರಾ ಕೌದಿಯ ಬಗ್ಗೆ ಕೇಳಿದಳು.

"ಹಾಸಿಗೆ ಮೇಲೆ ಹಾಸಿದಾರೆ ಆರಿಕಿ. ಆದ್ರೆ ಒಂದೆಲೆ ಅರ್ಧಕ್ಕೇ ನಿಂತಿದೆ, ಸೂಜಿ ತುಕ್ಕು ಹಿಡಿದು ಅಲ್ಲೇ ಅಂಟಿದೆ. ಗಂಡನ ತಾಯಿ, ನಾದಿನಿ ಎಲ್ಲಾ ಮುಗಿಸಿಕೊಡ್ತೀವಿ ಅಂತಾರಂತೆ. ಆಯಮ್ಮ ಯಾರಿಗೂ ಮುಟ್ಟೋಕೆ ಬಿಡಲ್ಲ."

ಅವನು ಹೋದ ಮೇಲೆ ತೆಕುರಾ ನಕ್ಕಳು. ಎಷ್ಟೋ ವರ್ಷದ ಮೇಲೆ ಬಂದ ನಗು ಅದು.

"ಸದ್ಯ," ಅಂದಳು. "ಬಿಚ್ಚೋಕೆ ಅಲ್ಲಿ ನೀನಿಲ್ಲ."